ಕೊಂಡ ಮನೆಯಲ್ಲಿ ಪಾಲು ಕೇಳಿ ಮಾರಾಟಗಾರರ ಸಹೋದರಿಯಿಂದ ದಾವೆ: ಮುಂದೇನು?

ಪ್ರಶ್ನೆ: ಮೈಸೂರು ನಿವಾಸಿ

ಮಾನ್ಯರೇ, 2021ರಲ್ಲಿ ನಾವು ಮೈಸೂರಿನಲ್ಲಿ ಒಂದು ಹಳೆಯ ಮನೆಯನ್ನು ಇಬ್ಬರು ಅಣ್ಣತಮ್ಮಂದಿರಿಂದ ಮತ್ತು ಅವರ ತಾಯಿಯಿಂದ ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡೆವು. ಮನೆ ಅವರ ತಂದೆಯ ಕಾಲದ್ದು. ತಂದೆ 2014ರಲ್ಲಿ ತೀರಿಕೊಂಡ ಮೇಲೆ ಖಾತೆ ಈ ಮೂವರ ಹೆಸರಿಗೆ ಆಗಿತ್ತು. ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರದಲ್ಲಿ ಆಕ್ಷೇಪಣೀಯವಾದುದು ಏನೂ ಇರಲಿಲ್ಲ, ಬ್ಯಾಂಕಿನ ವಕೀಲರೂ ದಾಖಲೆಗಳನ್ನು ನೋಡಿ ಒಪ್ಪಿಗೆ ಕೊಟ್ಟಿದ್ದರಿಂದ ಗೃಹಸಾಲವೂ ದೊರೆಯಿತು. ಆಮೇಲೆ ನಾವು ಮೇಲೊಂದು ಮಹಡಿ ಕಟ್ಟಿಸಿದ್ದೇವೆ.

ಈಗ ಸಿವಿಲ್ ನ್ಯಾಯಾಲಯದಿಂದ ಸಮನ್ಸ್ ಬಂದಿದೆ. ಮಾರಾಟಗಾರರಿಗೆ ಮದುವೆಯಾಗಿ ಬೇರೆ ಊರಿನಲ್ಲಿರುವ ಒಬ್ಬ ತಂಗಿ ಇದ್ದಾರೆಂಬುದು, ವಂಶವೃಕ್ಷದಲ್ಲಿ ಅವರ ಹೆಸರನ್ನೇ ಬಿಟ್ಟಿದ್ದಾರೆಂಬುದು ನಮಗೆ ತಿಳಿದದ್ದು ದಾವೆಯ ಪ್ರತಿ ಕೈಗೆ ಬಂದಾಗಲೇ. ಅವರು ಮನೆಯಲ್ಲಿ ತಮ್ಮ ಪಾಲನ್ನು ಬೇರ್ಪಡಿಸಿ ಕೊಡಬೇಕೆಂದೂ ನಮ್ಮ ಕ್ರಯಪತ್ರವು ತಮ್ಮನ್ನು ಬಂಧಿಸುವುದಿಲ್ಲವೆಂದೂ ಕೋರಿದ್ದಾರೆ. ನಾನು 4ನೇ ಪ್ರತಿವಾದಿ. ಹಣ ಕೊಟ್ಟು, ಮುದ್ರಾಂಕ ಶುಲ್ಕ ಕಟ್ಟಿ, ನೋಂದಣಿ ಮಾಡಿಸಿಕೊಂಡ ಮನೆ ನಮ್ಮ ಕೈತಪ್ಪಬಹುದೇ? ದಯವಿಟ್ಟು ಬಲ್ಲವರು ತಿಳಿಸಿ.

ಉತ್ತರ 1: ದಾವಣಗೆರೆಯ ಓದುಗ

ನಮ್ಮ ಚಿಕ್ಕಪ್ಪನವರ ಮನೆಯ ವಿಷಯದಲ್ಲಿಯೂ ಹೀಗೆಯೇ ಆಗಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ, ತಂದೆ 2005ರಲ್ಲಿ ಬದುಕಿರಬೇಕಾದ ಅಗತ್ಯವೂ ಇಲ್ಲ ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನಡೆದ ಮಾರಾಟಗಳಿಗೆ ಮಾತ್ರ ರಕ್ಷಣೆ ಇದೆ, ನಿಮ್ಮದು 2021ರದ್ದು. ಆದ್ದರಿಂದ ಆ ತಂಗಿಯ ಹಕ್ಕನ್ನು ತಳ್ಳಿಹಾಕುವುದು ಕಷ್ಟ. ನಮ್ಮವರು ಹಲವು ವರ್ಷ ಅಲೆದು, ಕೊನೆಗೆ ರಾಜಿಯಲ್ಲೇ ಮುಗಿಸಿಕೊಂಡರು. ನೀವು ಆರಂಭದಲ್ಲೇ ಆ ದಾರಿಯನ್ನು ಯೋಚಿಸುವುದು ಒಳ್ಳೆಯದು.

ಉತ್ತರ 2: ಸಿವಿಲ್ ವಕೀಲೆ, ತುಮಕೂರು

ಮೇಲಿನ ಉತ್ತರದಲ್ಲಿ ಹೇಳಿರುವ ಕಾನೂನು ಸರಿಯಾಗಿದೆ, ಆದರೆ ಅದು ಈ ಮನೆಗೆ ಅನ್ವಯಿಸುತ್ತದೆಯೇ ಎಂಬುದು ಇನ್ನೂ ಗೊತ್ತಾಗಿಲ್ಲ. ಇಂತಹ ಪ್ರಕರಣ ಕಂಡ ಕೂಡಲೇ ಎಲ್ಲರೂ 2005ಕ್ಕೆ ಹೋಗುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಆಸ್ತಿ ಆ ತಂದೆಗೆ ಹೇಗೆ ಬಂತು ಎಂಬುದು. ಅವರು ಸ್ವಂತ ದುಡಿಮೆಯಿಂದ ಕೊಂಡದ್ದೇ, ಅವರ ತಂದೆಯಿಂದ ಬಂದದ್ದೇ, ಅಥವಾ ಕುಟುಂಬದ ವಿಭಾಗದಲ್ಲಿ ಪಾಲಿಗೆ ಬಂದದ್ದೇ? ಅವರು ಉಯಿಲು ಬರೆದಿದ್ದರೇ? ಈ ಎರಡಕ್ಕೆ ಉತ್ತರ ಸಿಗದೆ ಯಾರ ಪಾಲು ಎಷ್ಟು ಎಂದು ಲೆಕ್ಕ ಹಾಕಲಾಗದು. ಮೂಲಪತ್ರವನ್ನು ತೆಗೆದು ನೋಡಿ ತಿಳಿಸಿ. ಮೂಲ ಪ್ರತಿಗಳು ಸಾಲಕ್ಕಾಗಿ ಬ್ಯಾಂಕಿನಲ್ಲಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು.

ಒಂದು ವಿಷಯ ಮಾತ್ರ ಈಗಲೇ ಹೇಳಬೇಕು. ಸಮನ್ಸ್ ತಲುಪಿದ 30 ದಿನಗಳೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಉತ್ತರ, ಸಲ್ಲಿಸಬೇಕು, ಕಾರಣ ಕೊಟ್ಟರೆ ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಮಾರಾಟಗಾರರು "ನಾವು ನೋಡಿಕೊಳ್ಳುತ್ತೇವೆ, ನೀವು ಬರಬೇಕಾಗಿಲ್ಲ" ಎಂದರೆ ನಂಬಬೇಡಿ. ಅವರ ವಕೀಲರೇ ನಿಮಗೂ ಹಾಜರಾಗುವುದು ಬೇಡ. ಈ ದಾವೆಯಲ್ಲಿ ನಿಮ್ಮ ಹಿತ ಬೇರೆ, ಅವರ ಹಿತ ಬೇರೆ.

ಉತ್ತರ 3: ನಿವೃತ್ತ ನೋಂದಣಿ ಇಲಾಖೆ ನೌಕರ

ಋಣಭಾರ ಪ್ರಮಾಣಪತ್ರದ ಬಗ್ಗೆ ಜನರಲ್ಲಿರುವ ತಪ್ಪು ತಿಳಿವಳಿಕೆಯನ್ನು ಸೇವೆಯ ಉದ್ದಕ್ಕೂ ಕಂಡವನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ವ್ಯವಹಾರಗಳ ಪಟ್ಟಿಯಿರುವ ನಮೂನೆ 15 ಆಗಲಿ, ವ್ಯವಹಾರವಿಲ್ಲವೆಂದು ತೋರಿಸುವ ನಮೂನೆ 16 ಆಗಲಿ, ಆ ಅವಧಿಯಲ್ಲಿ ಆ ಆಸ್ತಿಗೆ ನೋಂದಣಿಯಾದ ಪತ್ರಗಳನ್ನಷ್ಟೇ ಹೇಳುತ್ತದೆ. ಸತ್ತವರಿಗೆ ಎಷ್ಟು ಮಕ್ಕಳು, ನೋಂದಣಿಯಾಗದ ಉಯಿಲು ಇದೆಯೇ, ಮನೆಯೊಳಗೆ ಪಾಲು ಪಾರೀಖತ್ತು ನಡೆದಿದೆಯೇ ಎಂಬುದಾವುದೂ ಅದರಲ್ಲಿ ಬರುವುದಿಲ್ಲ. ಖಾತೆಯೂ ಅಷ್ಟೆ: ತೆರಿಗೆ ಯಾರು ಕಟ್ಟಬೇಕೆಂಬುದಕ್ಕೆ ಅದು ಆಧಾರವೇ ಹೊರತು ಒಡೆತನಕ್ಕಲ್ಲ. ಬ್ಯಾಂಕಿನ ವಕೀಲರ ವರದಿ ಬ್ಯಾಂಕಿನ ಸಾಲದ ಭದ್ರತೆಗಾಗಿ ಬರೆದದ್ದು, ಕೊಳ್ಳುವವರಿಗೆ ಕೊಟ್ಟ ಭರವಸೆಯಲ್ಲ.

ನಿಮ್ಮ ಪ್ರಕರಣದಲ್ಲಿ ಎಲ್ಲವೂ ನಿಂತಿದ್ದು ಆ ವಂಶವೃಕ್ಷದ ಮೇಲೆ. ಖಾತೆ ಬದಲಾವಣೆಗೆ ಅವರು ಸಲ್ಲಿಸಿದ ಅರ್ಜಿ, ವಂಶವೃಕ್ಷ ಮತ್ತು ಪ್ರಮಾಣಪತ್ರಗಳ ನಕಲನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಮಗಳ ಹೆಸರು ಬಿಟ್ಟು ಯಾರು ಸಹಿ ಹಾಕಿದ್ದಾರೆಂಬುದು ಮುಂದೆ ಮಾರಾಟಗಾರರ ವಿರುದ್ಧ ನಿಮಗೆ ಬೇಕಾಗುವ ಸಾಕ್ಷ್ಯ.

ಮೈಸೂರು ನಿವಾಸಿ:

ವಂದನೆಗಳು. ಮೂಲಪತ್ರ ನೋಡಿದೆ. ನಿವೇಶನವು 1970ರ ದಶಕದಲ್ಲಿ ತಂದೆಯವರ ಹೆಸರಿಗೇ ಸಿಐಟಿಬಿಯಿಂದ (ಆಗಿನ ನಗರ ಸುಧಾರಣಾ ಮಂಡಳಿಯಿಂದ) ಹಂಚಿಕೆಯಾದದ್ದು. ಅವರು ಸರ್ಕಾರಿ ನೌಕರಿಯಲ್ಲಿದ್ದು, ಸಾಲ ಮಾಡಿ ಮನೆ ಕಟ್ಟಿಸಿದ್ದರಂತೆ. ಉಯಿಲು ಇಲ್ಲ. ಊರಿನಲ್ಲಿ ಅವರಿಗೆ ಸ್ವಲ್ಪ ಜಮೀನು ಇತ್ತೆಂದು ಕೇಳಿದ್ದೇನೆ, ದಾವೆಯಲ್ಲಿ ಅದನ್ನು ಕಾಣಿಸಿಲ್ಲ. ನಮ್ಮ ಕ್ರಯಪತ್ರದಲ್ಲಿ "ಬೇರೆ ವಾರಸುದಾರರು ಯಾರೂ ಇಲ್ಲ, ತಕರಾರು ಬಂದರೆ ನಷ್ಟ ತುಂಬಿಕೊಡುತ್ತೇವೆ" ಎಂಬ ಷರತ್ತು ಇದೆ.

ಉತ್ತರ 4: ಸಿವಿಲ್ ವಕೀಲೆ, ತುಮಕೂರು

ಹಾಗಿದ್ದರೆ ಇದು ತಂದೆಯ ಸ್ವಯಾರ್ಜಿತ ಆಸ್ತಿ, 2005ರ ತಿದ್ದುಪಡಿಯ ಚರ್ಚೆಯೇ ಇಲ್ಲಿ ಬೇಡ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಪುರುಷನ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮನಾಗಿ ಹೋಗುತ್ತದೆ. ಈ ಹಕ್ಕು ಮಗಳಿಗೆ 1956ರಿಂದಲೇ ಇದೆ. ಆದ್ದರಿಂದ ಆ ಸಹೋದರಿಯ ಪಾಲು ನಾಲ್ಕರಲ್ಲಿ ಒಂದು. ಮಾರಾಟ ಮಾಡಿದ ಮೂವರ ಪಾಲು ಸೇರಿ ನಾಲ್ಕರಲ್ಲಿ ಮೂರು, ಅದು ನಿಮಗೆ ಬಂದಿದೆ. ಅಂದರೆ ಮನೆ ಪೂರ್ತಿ ಕೈತಪ್ಪುವ ಭಯ ಬೇಡ, ಹಾಗೆಯೇ ಅವರ ಪಾಲನ್ನು ನೋಂದಣಿಯ ಬಲದಿಂದ ಅಳಿಸಿಬಿಡಬಹುದೆಂಬ ಆಸೆಯೂ ಬೇಡ. ತಂದೆಯ ಆಸ್ತಿಯಲ್ಲಿ ಹೆಸರನ್ನೇ ಮರೆಮಾಚಿಸಿಕೊಂಡ ಹೆಣ್ಣುಮಗಳು ಅವರು. ನಿಮಗೆ ವಂಚನೆ ಮಾಡಿದವರೇ ಅವರಿಗೂ ವಂಚನೆ ಮಾಡಿದ್ದಾರೆ. ಅವರನ್ನು ಎದುರಾಳಿಯೆಂದು ಕಂಡರೆ ರಾಜಿಯ ಬಾಗಿಲು ಮೊದಲ ದಿನವೇ ಮುಚ್ಚಿಹೋಗುತ್ತದೆ.

ಊರಿನ ಜಮೀನು ನಿಮಗೆ ಬಹಳ ಮುಖ್ಯ. ಅದೂ ತಂದೆಯ ಉತ್ತರಾಧಿಕಾರದಲ್ಲಿ ಬಂದದ್ದೇ ಆಗಿದ್ದರೆ, ಎಲ್ಲ ಆಸ್ತಿಗಳನ್ನೂ ಸೇರಿಸಿ ವಿಭಾಗವಾಗಬೇಕೆಂದು ಲಿಖಿತ ಹೇಳಿಕೆಯಲ್ಲಿ ಆಕ್ಷೇಪ ಎತ್ತಿ. ಆಗ ಅಂತಿಮ ಡಿಕ್ರಿಯ, ಅಂದರೆ ಆಸ್ತಿಯನ್ನು ನಿಜವಾಗಿ ಹಂಚಿಕೊಡುವ, ಹಂತದಲ್ಲಿ ಈ ಮನೆಯನ್ನು ಮಾರಾಟಗಾರರ ಪಾಲಿಗೆ ಹಾಕಿ ನಿಮಗೆ ಉಳಿಸಿ, ಸಹೋದರಿಗೆ ಜಮೀನಿನಲ್ಲಿ ಸರಿದೂಗಿಸಿಕೊಡಬೇಕೆಂದು ಸಮನ್ಯಾಯದ ಆಧಾರದಲ್ಲಿ ಕೇಳಬಹುದು. ಪಹಣಿ ತೆಗೆಸಿ ಜಮೀನು ಈಗ ಯಾರ ಹೆಸರಿನಲ್ಲಿದೆ ನೋಡಿ. ಕಟ್ಟಿಸಿದ ಮಹಡಿಯ ನಕ್ಷೆ ಮಂಜೂರಾತಿ, ಬಿಲ್ಲುಗಳು, ಗುತ್ತಿಗೆದಾರರಿಗೆ ಕೊಟ್ಟ ಹಣದ ದಾಖಲೆಗಳನ್ನು ಕಾಪಾಡಿಕೊಳ್ಳಿ, ಏಕೆಂದರೆ ಮನೆಯ ಬೆಲೆ ಕಟ್ಟುವಾಗ ನೀವು ಸೇರಿಸಿದ ಮೌಲ್ಯವನ್ನು ಬೇರ್ಪಡಿಸಿ ಕೇಳಬೇಕಾಗುತ್ತದೆ. ದಾವೆ ಮುಗಿಯುವವರೆಗೆ ಹೊಸದಾಗಿ ಏನನ್ನೂ ಕಟ್ಟಬೇಡಿ, ಮಾರುವ ಯೋಚನೆಯನ್ನೂ ಮಾಡಬೇಡಿ. ಆಸ್ತಿ ಹಸ್ತಾಂತರ ಕಾಯ್ದೆಯ 52ನೇ ಕಲಮಿನ ಪ್ರಕಾರ ಈಗ ಯಾರು ಕೊಂಡರೂ ದಾವೆಯ ತೀರ್ಪಿಗೆ ಬದ್ಧರಾಗುತ್ತಾರೆ.

ಮನೆಯನ್ನು ಭಾಗ ಮಾಡಲಾಗದು, ಹರಾಜು ಹಾಕಿ ಹಣ ಹಂಚಿ ಎಂದು ನೀವಾಗಿಯೇ ಕೇಳುವ ಮೊದಲು ಎರಡು ಬಾರಿ ಯೋಚಿಸಿ. 1893ರ ವಿಭಾಗ ಕಾಯ್ದೆಯ 3ನೇ ಕಲಮಿನಲ್ಲಿ, ಮಾರಾಟ ಕೋರಿದವರ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ಕೊಳ್ಳಲು ಇತರ ಪಾಲುದಾರರಿಗೆ ಅವಕಾಶವಿದೆ. ಮನೆ ಉಳಿಸಿಕೊಳ್ಳಲು ಹೊರಟವರು ಆ ಅರ್ಜಿಯಿಂದಲೇ ಮನೆ ಕಳೆದುಕೊಳ್ಳಬಹುದು.

ಮಾರಾಟಗಾರರಿಗೆ ಈಗಲೇ ವಕೀಲರ ಮೂಲಕ ನೋಟಿಸು ಕೊಡಿ. ಕ್ರಯಪತ್ರದಲ್ಲಿ ನಷ್ಟಭರ್ತಿಯ ಷರತ್ತು ಇದೆ. ಅದು ಇಲ್ಲದಿದ್ದರೂ, ಬೇರೆ ಕರಾರು ಆಗಿರದಿದ್ದಲ್ಲಿ, ಮಾರುವವರಿಗೆ ಮಾರುವ ಅಧಿಕಾರವಿದೆ ಎಂಬ ಭರವಸೆಯನ್ನು ಅದೇ ಆಸ್ತಿ ಹಸ್ತಾಂತರ ಕಾಯ್ದೆಯ 55(2)ನೇ ಕಲಮು ಪ್ರತಿ ಕ್ರಯದಲ್ಲೂ ಅಡಕವೆಂದು ಭಾವಿಸುತ್ತದೆ. ಆಮೇಲೆ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳುಹಿಸುವಂತೆ ಕೋರಿ. ಕಾಲು ಪಾಲಿನ ಬೆಲೆಯನ್ನು ಸಹೋದರಿಗೆ ಮಾರಾಟಗಾರರೇ ಕೊಡುವಂತಾದರೆ ಸರಿ. ಅವರು ಕೈಯೆತ್ತಿ ನೀವೇ ಕೊಡಬೇಕಾಗಿ ಬಂದರೆ, ಆ ಹಣವನ್ನು ಮಾರಾಟಗಾರರ ಹೊಣೆಯ ಬಾಬ್ತು ಕೊಟ್ಟಿದ್ದೆಂದೂ ಅದನ್ನು ಅವರಿಂದ ವಸೂಲು ಮಾಡುವ ಹಕ್ಕು ನಿಮಗಿದೆಯೆಂದೂ ರಾಜಿ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಸಿ. ರಾಜಿ ಡಿಕ್ರಿಯ ಜೊತೆಗೆ ಸಹೋದರಿಯಿಂದ ಒಂದು ಹಕ್ಕು ಬಿಡುಗಡೆ ಪತ್ರವನ್ನೂ ನೋಂದಣಿ ಮಾಡಿಸಿಕೊಳ್ಳಿ. ಮೇಲೆ ಹಿರಿಯರು ಹೇಳಿದಂತೆ ನೋಂದಣಿಯಾದದ್ದು ಮಾತ್ರ ಋಣಭಾರ ಪ್ರಮಾಣಪತ್ರದಲ್ಲಿ ಕಾಣುತ್ತದೆ, ಮುಂದೆ ನಿಮ್ಮಿಂದ ಅಥವಾ ನಿಮ್ಮ ಮಕ್ಕಳಿಂದ ಕೊಳ್ಳುವವರು ಮೊದಲು ನೋಡುವುದೂ ಅದನ್ನೇ.