ಸಹಾಯ ಬೇಕು: ಅಮ್ಮ ಒಬ್ಬರೇ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ಯಾವ ದಾರಿ ವಾಸಿ?

ಎಲ್ಲರಿಗೂ ನಮಸ್ಕಾರ. ತಂಗಿಯ ಬಾಣಂತನಕ್ಕೆ ಅಮ್ಮ ಅಕ್ಟೋಬರ್‌ನಲ್ಲಿ ಹೊರಟಿದ್ದಾರೆ, ಅಂಟಿನುಂಡೆ ಡಬ್ಬಿ ಈಗಲೇ ರೆಡಿ, ಟಿಕೆಟ್ ಮಾತ್ರ ಇನ್ನೂ ಇಲ್ಲ. ನೇರ ದೂರವೇ ಸುಮಾರು 14,000 ಕಿ.ಮೀ. ಅವರಿಗೆ ಮಂಡಿ ನೋವು ಬೇರೆ.

ದುಬೈ ಮೇಲೆ ಹೋದರೆ ಮೊದಲು 4 ಗಂಟೆ, ಆಮೇಲೆ ಒಂದೇ ಸಮನೆ 16 ಗಂಟೆ ಹತ್ತಿರ ಕೂರಬೇಕು. ಫ್ರಾಂಕ್‌ಫರ್ಟ್ ಮೇಲಾದರೆ ಹೆಚ್ಚುಕಮ್ಮಿ 10 ಮತ್ತು 11-12 ಗಂಟೆ, ಮಧ್ಯದಲ್ಲಿ ಕಾಲು ಚಾಚಬಹುದು. ನನಗೆ ಎರಡನೆಯದೇ ಸರಿ ಅನಿಸುತ್ತೆ, ಆದರೆ ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಕನ್ನಡ ಮಾತಾಡೋ ಜನ ಜಾಸ್ತಿ ಸಿಗೋದು ದುಬೈ ದಾರಿಯಲ್ಲೇ ಅಲ್ವಾ? ಅಪ್ಪನಂತೂ ಸಮಯ ನೋಡಿ "ಬೆಳಗಿನ ಜಾವ 4ಕ್ಕೆ ಹೊರಟು ಅದೇ ಮಧ್ಯಾಹ್ನ ಸೇರ್ತಾಳೆ, ಇಷ್ಟಕ್ಕೆ ಯಾಕೆ ತಲೆಬಿಸಿ" ಅಂತಾರೆ. ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಅಂತ ಎಷ್ಟು ಹೇಳಿದರೂ ಕೇಳಲ್ಲ.

ವಯಸ್ಸಾದವರನ್ನು ಹೀಗೆ ಕಳಿಸಿದವರು ದಯವಿಟ್ಟು ಹೇಳಿ. ವಿಮಾನ ಬದಲಿಸೋಕೆ ಎಷ್ಟು ಗಂಟೆ ಬಿಡಬೇಕು? ವೀಲ್‌ಚೇರ್ ಕೇಳಿದರೆ ಮುಂದಿನ ಗೇಟ್‌ವರೆಗೂ ಬಿಡ್ತಾರಾ? ದಿನಕ್ಕೊಂದು ಬಿಪಿ ಮಾತ್ರೆಯನ್ನು ಯಾವ ಊರಿನ ಸಮಯಕ್ಕೆ ತಗೊಂಡರು? ಡಾಕ್ಟರನ್ನೂ ಕೇಳ್ತೀನಿ, ಆದರೂ ನಿಮ್ಮ ಅನುಭವ ಬೇಕು. ಈ ವಾರವೇ ಬುಕ್ ಮಾಡಬೇಕು.