ಲೆವೆಲ್ ನೋಡಬೇಕಾ, ಟಿಯರ್ ನೋಡಬೇಕಾ?

ಪಿ.ಬಿ. ರೋಡ್ ಸ್ನೈಪರ್: ದಾವಣಗೆರೆಯ ನಮ್ಮ ಬಿಜಿಎಂಐ (ಮೊಬೈಲ್ ಶೂಟಿಂಗ್ ಗೇಮ್) ಸ್ಕ್ವಾಡ್‌ಗೆ ಒಬ್ಬ ಬೇಕು ಅಂತ ಹಾಕಿದ್ದೆ. ಎಲ್ಲರೂ ಲೆವೆಲ್ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದಾರೆ. ಲೆವೆಲ್ ಅಂದರೆ ಎಷ್ಟು ಹೊತ್ತು ಆಡಿದ್ದೀರಿ ಅನ್ನೋದಷ್ಟೇ. ಲೆವೆಲ್ ಏರಿಸೋ ಎಕ್ಸ್‌ಪಿ ಪಾಯಿಂಟ್ ಸೋತರೂ ಸಿಗುತ್ತೆ, ಏರಿದ ಲೆವೆಲ್ ಇಳಿಯಲ್ಲ. ನನಗೆ ಬೇಕಿರೋದು ಟಿಯರ್, ಅಂದರೆ ರ‍್ಯಾಂಕ್ ಪಾಯಿಂಟ್‌ನಿಂದ ಸಿಗೋ ದರ್ಜೆ. ಏಸ್ ಅನ್ನೋ ಟಿಯರ್‌ಗಿಂತ ಕೆಳಗಿನವರು ಬರಬೇಡಿ.

ಕೋಟೆ ಹುಡುಗ: "ಎಷ್ಟು ಹೊತ್ತು ಆಡಿದ್ದೀರಿ" ಅಂತೆ! ಟಿಯರ್ ಮತ್ತೆ ಪುಕ್ಕಟೆ ಬರುತ್ತಾ? ಹಗಲೂ ರಾತ್ರಿ ಕ್ಲಾಸಿಕ್ (ಕೊನೆಗೆ ಉಳಿದವರು ಗೆಲ್ಲೋ ಮ್ಯಾಚ್) ಆಡಿದರೆ ಯಾರು ಬೇಕಾದರೂ 4200 ಪಾಯಿಂಟ್ ಮುಟ್ಟಿ ಏಸ್ ಆಗಬಹುದು. ಕೊನೆವರೆಗೂ ಉಳಿದರೆ ಪಾಯಿಂಟ್ ತಾನಾಗೇ ಬರುತ್ತೆ. ನಾನು ಹುಲ್ಲಲ್ಲಿ ಮಲಗಿಯೇ ಏಸ್ ಆದವನು.

ಪಿ.ಬಿ. ರೋಡ್ ಸ್ನೈಪರ್: ಹುಲ್ಲಲ್ಲಿ ಮಲಗಿ! ಬಾಯಿಬಿಟ್ಟು ಹೇಳಿದರಲ್ಲ, ಸಾಕು. ಒಂದೇ ಕಡೆ ಅಡಗಿ ಕಾಯೋ ಕ್ಯಾಂಪರ್‌ಗಳು ನಮಗೆ ಬೇಡ.

ಕೋಟೆ ಹುಡುಗ: ಕ್ಯಾಂಪಿಂಗ್ ಅಷ್ಟು ಕೀಳಾದರೆ ನಮ್ಮ ಓಬವ್ವ ಮಾಡಿದ್ದೇನು ಗುರು? ಕಿಂಡಿ ಪಕ್ಕ ನಿಂತು, ತೂರಿ ಬಂದವರನ್ನು ಒಬ್ಬೊಬ್ಬರಾಗಿ ಒನಕೆಯಲ್ಲಿ ಹೊಡೆದಳು. ಜಾಗ ಹಿಡಿದು ಕಾಯೋದೂ ಆಟವೇ.

ವಿದ್ಯಾನಗರದವ: ಬಿಜಿಎಂಐ ಬಿಡಿ, ವ್ಯಾಲರಂಟ್ ಅನ್ನೋ ಇನ್ನೊಂದು ಶೂಟಿಂಗ್ ಗೇಮ್ ನೋಡಿ. ಅಲ್ಲಿ ಲೆವೆಲ್ 20 ಆದಮೇಲೆ ಕಾಂಪಿಟೇಟಿವ್, ಅಂದರೆ ರ‍್ಯಾಂಕ್ ಸಿಗೋ ಮ್ಯಾಚ್‌ಗಳ ಬಾಗಿಲು ತೆರೆಯುತ್ತೆ. ಆಮೇಲೆ ರ‍್ಯಾಂಕ್‌ಗೆ ಲೆವೆಲ್ ಲೆಕ್ಕಕ್ಕೇ ಇಲ್ಲ. ನಿಮ್ಮ ಆಟದ ಮಟ್ಟ ಅಳೆಯೋ, ಕಣ್ಣಿಗೆ ಕಾಣದ ಎಂಎಂಆರ್ ಅನ್ನೋ ಅಂಕ ಒಳಗೆ ಓಡುತ್ತಿರುತ್ತೆ. ಅದು ನಿಮ್ಮ ರ‍್ಯಾಂಕ್‌ಗಿಂತ ಮೇಲಿದ್ದರೆ ಗೆದ್ದಾಗ ಪಾಯಿಂಟ್ ಜಾಸ್ತಿ ಕೊಡ್ತಾರೆ, ಸೋತಾಗ ಕಮ್ಮಿ ಕೀಳ್ತಾರೆ.

ಹಾಲೇಶಣ್ಣ: ತಮ್ಮಾ ಕೋಟೆ ಹುಡುಗ, ಗಂಡನ ಊಟಕ್ಕೆ ನೀರು ತರಲು ಹೋದ ಹೆಂಗಸು ಆಕೆ. ಪ್ರಾಣ ಕೊಟ್ಟಳು. ನೀನು ಚಾರ್ಜರ್ ಚುಚ್ಚಿಕೊಂಡು ಮಂಚದ ಮೇಲೆ ಮಲಗಿದವನು. ಆ ಹೆಸರು ಇಲ್ಲಿ ಎಳೀಬೇಡ. ಕಾಮೆಂಟ್ ತೆಗಿ.

ಪಿ.ಬಿ. ರೋಡ್ ಸ್ನೈಪರ್: ಅಷ್ಟಕ್ಕೂ 1779ರಲ್ಲಿ ಕೋಟೆ ಹೈದರಾಲಿ ಕೈ ಸೇರಿತಲ್ಲ. ಕಿಂಡಿ ಕಾದರೆ ಮ್ಯಾಚ್ ಗೆಲ್ಲಲ್ಲ.

ಕೋಟೆ ಹುಡುಗ: ಏನಂದ್ರಿ? ಕೋಟೆ ಬಿದ್ದಿದ್ದಕ್ಕೆ ಓಬವ್ವ ಕಾರಣಾನಾ? ದಾವಣಗೆರೆಯವರು ಇತಿಹಾಸ ಮಾತಾಡೋದು! 1997ರವರೆಗೂ ನಮ್ಮ ಚಿತ್ರದುರ್ಗ ಜಿಲ್ಲೆಯ ತಾಲೂಕಾಗಿದ್ದವರು ನೀವು.

ಪಿ.ಬಿ. ರೋಡ್ ಸ್ನೈಪರ್: ಈಗ ಅಲ್ವಲ್ಲ!

ಚೆಸ್ ಮೇಷ್ಟ್ರು: ಜಿಲ್ಲೆ ಜಗಳ ಆಮೇಲೆ ಆಡಿ. ಇಂಥ ರೇಟಿಂಗ್‌ಗಳ ಬೇರು ಚೆಸ್‌ನಲ್ಲಿದೆ. ಅರ್ಪಾದ್ ಎಲೊ ಅನ್ನೋ ಭೌತಶಾಸ್ತ್ರಜ್ಞರ ಲೆಕ್ಕವನ್ನು 1970ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಒಪ್ಪಿಕೊಂಡಿತು. ಇಬ್ಬರ ನಡುವೆ 400 ಅಂತರ ಇದ್ದರೆ ಮೇಲಿನವನಿಗೆ ಸುಮಾರು 91% ಅವಕಾಶ. ಅವನು ಗೆದ್ದರೆ ಚೂರು ಪಾಯಿಂಟ್, ಸೋತರೆ ದೊಡ್ಡ ಪೆಟ್ಟು. ಯಾರನ್ನು ಸೋಲಿಸಿದೆ ಅನ್ನೋದು ಅಲ್ಲಿ ಮುಖ್ಯ. ಕಂಪ್ಯೂಟರ್ ಆಡಿಸೋ ಬಾಟ್‌ಗಳನ್ನು ಹೊಡೆದು ಬಂದ ಟಿಯರ್‌ನಲ್ಲಿ ಏನು ಗೊತ್ತಾಗುತ್ತೆ?

ಪಿ.ಬಿ. ರೋಡ್ ಸ್ನೈಪರ್: "ಬಾಟ್" ಯಾರಿಗೆ ಅಂದಿದ್ದು ಮೇಷ್ಟ್ರೇ? ಬಾಟ್ ಜಾಸ್ತಿ ಇರೋದು ಕೆಳಗಿನ ಟಿಯರ್‌ಗಳಲ್ಲಿ. ಏಸ್‌ನಲ್ಲಿ ಇಳಿದ ತಕ್ಷಣ ಸತ್ತರೆ ಪಾಯಿಂಟ್ ಹೇಗೆ ಹೋಗುತ್ತೆ, ಆಡಿ ನೋಡಿ.

ವಿದ್ಯಾನಗರದವ: ಅದಕ್ಕೇ ಎಂಎಂಆರ್ ಅಂದಿದ್ದು. ನನ್ನ ಮಾತು ಯಾರೂ ಓದ್ತಾನೇ ಇಲ್ಲ.

ಕೋಟೆ ಹುಡುಗ: ಸತ್ತರೆ ಪಾಯಿಂಟ್ ಹೋಗುತ್ತೆ ಅಂತ ಅವರೇ ಅಂದರು. ಹಾಗಾದರೆ ಮಲಗೋದರಲ್ಲಿ ತಪ್ಪೇನು? ಎಲ್ಲಕ್ಕಿಂತ ಮೇಲಿನ ಟಿಯರ್ ಕಾಂಕರರ್ ಅಂದರೆ ಸರ್ವರ್‌ನ ಮೊದಲ 500 ಜನ. ಅವರಲ್ಲೂ ಜೀವ ಉಳಿಸಿಕೊಂಡೇ ಮೇಲೆ ಹೋದವರಿದ್ದಾರೆ.

ಪಿ.ಬಿ. ರೋಡ್ ಸ್ನೈಪರ್: ಮಾತು ಸಾಕು. ಇವತ್ತು ರಾತ್ರಿ ರೂಮ್ ಹಾಕ್ತೀನಿ. ಟಿಡಿಎಂ (ಸತ್ತರೂ ಮತ್ತೆ ಬಂದು ಹೊಡೆದಾಡೋ ಮ್ಯಾಚ್), ವೇರ್‌ಹೌಸ್ ಮ್ಯಾಪ್, ನಾವಿಬ್ಬರೇ.

ಕೋಟೆ ಹುಡುಗ: ಟಿಡಿಎಂಗೂ ಕ್ಲಾಸಿಕ್ ಟಿಯರ್‌ಗೂ ಏನು ಸಂಬಂಧ?

ಪಿ.ಬಿ. ರೋಡ್ ಸ್ನೈಪರ್: ಅಲ್ಲಿ ಹುಲ್ಲಿಲ್ಲ. ಅದಕ್ಕೇ ಭಯ.

ಹಾಲೇಶಣ್ಣ: ಓಬವ್ವನ ಕಾಮೆಂಟ್ ಇನ್ನೂ ಹಂಗೇ ಇದೆ.