ಉಬುಂಟುವಿನಲ್ಲಿ ‘ಬ್ಯಾಟ್’ ಹೊಡೆದರೆ ಕ್ರ್ಯಾಶ್ ಆಗೋದ್ಯಾಕೆ?

ಪ್ರಶ್ನೆ (ಕೋಥ್ರೂಡ್, ಪುಣೆ): ನಮಸ್ಕಾರ ರೀ. ಹಿಂಜವಡಿ ಆಫೀಸಿನ ಉಬುಂಟು 22.04 (ಲಿನಕ್ಸ್) ಸರ್ವರ್‌ಗೆ ಮನೆಯಿಂದ ಎಸ್‌ಎಸ್‌ಎಚ್ (ದೂರದ ಮಷೀನನ್ನ ಕಮಾಂಡ್‌ಗಳಿಂದ ಓಡಿಸೋ ಸಂಪರ್ಕ) ಮಾಡ್ತೀನಿ. ಫೈಲಿನಲ್ಲಿರೋದನ್ನ ಬಣ್ಣಬಣ್ಣವಾಗಿ ತೋರಿಸೋ ಬ್ಯಾಟ್ ಅನ್ನೋ ಟೂಲ್ ಬೇಕಂತ ‘ಆಪ್ಟ್ ಇನ್‌ಸ್ಟಾಲ್ ಬ್ಯಾಟ್’ ಕೊಟ್ಟೆ, ಎರರ್ ಏನೂ ಬರಲಿಲ್ಲ. ಆದರೆ ‘ಬ್ಯಾಟ್’ ಅಂತ ಹೊಡೆದ್ರೆ ಕಮಾಂಡೇ ಇಲ್ಲ ಅಂತು; ಬ್ಯಾಕ್ಯುಲಾ-ಕನ್ಸೋಲ್-ಕ್ಯೂಟಿ ಹಾಕಿಕೊಳ್ಳಿ ಅಂತ ತಾನೇ ಸೂಚಿಸಿತು. ಅದನ್ನೂ ಹಾಕಿದೆ. ಈಗ ‘ಕುಡ್ ನಾಟ್ ಕನೆಕ್ಟ್ ಟು ಡಿಸ್‌ಪ್ಲೇ’, ಅದರ ಬೆನ್ನಿಗೇ ‘ಅಬಾರ್ಟೆಡ್, ಕೋರ್ ಡಂಪ್ಡ್’. ರೀಇನ್‌ಸ್ಟಾಲ್ ಮಾಡಿದ್ರೂ ಅದೇ ಹಾಡು.

ಉತ್ತರ (ಲಿನಕ್ಸ್ ಅಡ್ಮಿನ್, ಪಿಂಪ್ರಿ): ನೀವು ಓಡಿಸ್ತಿರೋದು ಬೇರೇನೇ ಪ್ರೋಗ್ರಾಂ ರೀ. ಬ್ಯಾಕ್ಯುಲಾ ಅನ್ನೋ ಬ್ಯಾಕಪ್ ಸಾಫ್ಟ್‌ವೇರಿನ ಅಡ್ಮಿನ್ ಟೂಲ್‌ಗೂ ಬ್ಯಾಟ್ ಅಂತಲೇ ಹೆಸರು. ಉಬುಂಟುವಿಗೆ ಮೂಲವಾದ ಡೆಬಿಯನ್‌ನಲ್ಲಿ ಆ ಹೆಸರು ಮೊದಲೇ ಅದರ ಪಾಲಾಗಿತ್ತು. ಹಾಗಾಗಿ ನಿಮಗೆ ಬೇಕಾದ ಬ್ಯಾಟನ್ನ ‘ಬ್ಯಾಟ್‌ಕ್ಯಾಟ್’ ಅಂತ ಇಟ್ಟರು, ಉಬುಂಟುವಿಗೂ ಹಾಗೇ ಬಂತು. ಶೆಲ್ (ನಿಮ್ಮ ಕಮಾಂಡ್ ಓದಿ ಓಡಿಸೋ ಪ್ರೋಗ್ರಾಂ) ಕೊಡೋ ಸೂಚನೆ ಬರೀ ಕಮಾಂಡಿನ ಹೆಸರು ನೋಡುತ್ತೆ. ನಿಮ್ಮ ಮನಸ್ಸಲ್ಲಿ ಯಾವುದಿದೆ ಅಂತ ಅದಕ್ಕೇನು ಗೊತ್ತು!

ಬ್ಯಾಕ್ಯುಲಾದ್ದು ಕ್ಯೂಟಿ (ವಿಂಡೋ ತೋರಿಸೋ ಲೈಬ್ರರಿ) ಬಳಸಿ ಬರೆದ ವಿಂಡೋ ಪ್ರೋಗ್ರಾಂ. ಬರೀ ಎಸ್‌ಎಸ್‌ಎಚ್‌ನಲ್ಲಿ ಡಿಸ್‌ಪ್ಲೇ ಇರಲ್ಲ, ಅದಕ್ಕೆ ಕ್ಯೂಟಿ ತಾನಾಗೇ ಅಬಾರ್ಟ್ ಮಾಡಿಕೊಳ್ಳುತ್ತೆ. ಬಿದ್ದ ತಕ್ಷಣ ‘ಎಕೋ $?’ ಕೊಡಿ, ಪ್ರೋಗ್ರಾಂ ಹೇಗೆ ಮುಗೀತು ಅನ್ನೋ ನಂಬರ್ ತೋರಿಸುತ್ತೆ: 134 ಬಂದ್ರೆ 128ಕ್ಕೆ 6 ಸೇರಿದ್ದು, ಅಂದ್ರೆ ಅಬಾರ್ಟ್ ಸಿಗ್ನಲ್. 139 ಬಂದಿದ್ರೆ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಬಿದ್ದದ್ದು), ಅಲ್ಲಿ ನಿಜಕ್ಕೂ ಬಗ್ ಹುಡುಕಬೇಕು. 132 ಆದ್ರೆ ಆ ಮಷೀನಿನ ಸಿಪಿಯುಗೆ ಗೊತ್ತಿಲ್ಲದ ಇನ್‌ಸ್ಟ್ರಕ್ಷನ್. ಹೊಸ ಸಿಪಿಯುಗೆ ಕಂಪೈಲ್ ಆದದ್ದನ್ನ ಹಳೇ ಮಷೀನಿಗೆ ಹಾಕಿದಾಗ ಹೀಗಾಗುತ್ತೆ.

ಮೊದಲು ‘ಟೈಪ್ -ಎ ಬ್ಯಾಟ್’ ಕೊಟ್ಟು ಪೂರ್ತಿ ಪಾತ್ ನೋಡಿ. ಆ ಪಾತನ್ನ ‘ಡಿಪಿಕೆಜಿ -ಎಸ್’ಗೆ (ದೊಡ್ಡಕ್ಷರದ ಎಸ್) ಕೊಟ್ರೆ ಯಾವ ಪ್ಯಾಕೇಜಿನದು ಅಂತ ಹೇಳುತ್ತೆ. ಉಲ್ಟಾ ದಿಕ್ಕಿಗೆ ‘ಡಿಪಿಕೆಜಿ -ಎಲ್ ಬ್ಯಾಟ್’, ಇಲ್ಲೂ ದೊಡ್ಡದೇ. ಪ್ಯಾಕೇಜ್ ಏನೇನು ತಂದಿದೆ ಅನ್ನೋ ಪಟ್ಟಿಯಲ್ಲಿ /ಯುಎಸ್‌ಆರ್/ಬಿನ್/ಬ್ಯಾಟ್‌ಕ್ಯಾಟ್ ಕಾಣಬೇಕು. ಹೊಸ ಪ್ಯಾಕೇಜ್ ಹಾಕಿದಾಗೆಲ್ಲ ಇದನ್ನ ನೋಡೋದು ಒಳ್ಳೇದು. ಆಮೇಲೆ ಬ್ಯಾಕ್ಯುಲಾದ್ದನ್ನ ‘ಆಪ್ಟ್ ಪರ್ಜ್’ ಮಾಡಿ (ಸೆಟ್ಟಿಂಗ್ ಸಮೇತ ತೆಗೆದುಹಾಕಿ), ಆದರೆ ಆಫೀಸಿನ ಬ್ಯಾಕಪ್ ನೋಡಿಕೊಳ್ಳೋರನ್ನ ಕೇಳದೆ ಬೇಡ. ಹೋಮ್‌ನಲ್ಲಿ .ಲೋಕಲ್/ಬಿನ್ ಫೋಲ್ಡರ್ ಮಾಡಿ, ಅಲ್ಲಿ ‘ಬ್ಯಾಟ್’ ಹೆಸರಲ್ಲಿ ಬ್ಯಾಟ್‌ಕ್ಯಾಟ್‌ಗೆ ‘ಎಲ್‌ಎನ್ -ಎಸ್’ ಲಿಂಕ್ ಹಾಕಿ (ಇದು ಚಿಕ್ಕ ಎಸ್). ಲಾಗಿನ್ ಆಗೋವಾಗ ಆ ಫೋಲ್ಡರ್ ಇದ್ರೆ ಮಾತ್ರ .ಪ್ರೊಫೈಲ್ ಫೈಲು ಅದನ್ನ ಪಾತ್‌ಗೆ (ಶೆಲ್ ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸುತ್ತೆ, ಹಾಗಾಗಿ ಒಂದ್ಸಲ ಲಾಗೌಟ್ ಆಗಿ ಬನ್ನಿ.

ಪ್ರಶ್ನೆ: ಏಲಿಯಾಸ್ (ಶೆಲ್‌ನಲ್ಲಿ ಕಮಾಂಡಿಗೆ ಇಡೋ ಅಡ್ಡಹೆಸರು) ಸಾಕಾಗಲ್ವಾ ಸರ್?

ಉತ್ತರ: ಕೈಯಾರೆ ಟೈಪ್ ಮಾಡೋದಕ್ಕೆ ಸಾಕು. ಸ್ಕ್ರಿಪ್ಟ್, ಎಕ್ಸ್‌ಆರ್ಗ್ಸ್ (ಪಟ್ಟಿಯನ್ನ ಇನ್ನೊಂದು ಕಮಾಂಡಿಗೆ ಕೊಡೋದು), ಸುಡೊ (ಅಡ್ಮಿನ್ ಹಕ್ಕಿನಿಂದ ಓಡಿಸೋದು) ಯಾವುದಕ್ಕೂ ಏಲಿಯಾಸ್ ಕಾಣಲ್ಲ. ಸುಡೊಗೆ ಹೋಮ್‌ನ ಲಿಂಕೂ ಕಾಣಲ್ಲ, ಅದು ತನ್ನದೇ ಸೆಕ್ಯೂರ್ ಪಾತ್ ನೋಡುತ್ತೆ. ‘ಸುಡೊ ಬ್ಯಾಟ್’ ಬೇಕೇ ಬೇಕು ಅಂದ್ರೆ ಲಿಂಕನ್ನ /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ ಹಾಕಿ. ನಾಲ್ಕು ಜನ ಬಳಸೋ ಸರ್ವರ್‌ನಲ್ಲಿ ನಾನಾದ್ರೆ ಅದನ್ನ ಮಾಡಲ್ಲ, ಸುಮ್ಮನೆ ‘ಸುಡೊ ಬ್ಯಾಟ್‌ಕ್ಯಾಟ್’ ಅಂತಲೇ ಹೊಡೀತೀನಿ.

ಪ್ರಶ್ನೆ (ಮಡಗಾಂವ್): ನನ್ನಲ್ಲಿ ಫೈಲ್ ಹುಡುಕೋ ಎಫ್‌ಡಿ-ಫೈಂಡ್ ಪ್ಯಾಕೇಜ್ ಹಾಕಿದ್ರೂ ‘ಎಫ್‌ಡಿ’ ಸಿಗ್ತಿಲ್ಲ. ಇದೂ ಅದೇನಾ?

ಉತ್ತರ: ಅದೇ ರೀ. ಆ ಹೆಸರು ಎಫ್‌ಡಿಕ್ಲೋನ್ ಪ್ಯಾಕೇಜಿನ ಹತ್ತಿರ ಇದೆ. ನಿಮ್ಮದು ‘ಎಫ್‌ಡಿಫೈಂಡ್’, ನಡುವೆ ಹೈಫನ್ ಹಾಕಬೇಡಿ. ಲಿಂಕ್ ಹಾಕೋ ದಾರಿ ಮೇಲಿನದೇ.